ನಂಬಿಕೆ ಹುಟ್ಟಿಸುವ ಪ್ರಸಂಗ: ಸಿದ್ಧತೆ ಹೇಗೆ?

ರೋಮನ್ ಶತಾಧಿಪತಿ ಕೊರ್ನೇಲ್ಯನಿಗೆ ದೇವದೂತನು ಕಾಣಿಸಿಕೊಂಡರೂ ಸುವಾರ್ತೆಯನ್ನು, ಅಂದರೆ ಯೇಸುವಿನಿಂದ ರಕ್ಷಣೆಯುಂಟೆಂಬ ಶುಭವಾರ್ತೆಯನ್ನು, ಹೇಳಲಿಲ್ಲ. ಯೊಪ್ಪ ಪಟ್ಟಣಕ್ಕೆ ಜನರನ್ನು ಕಳುಹಿಸಿ ಯೇಸುವಿನ ಶಿಷ್ಯನಾದ ಪೇತ್ರನನ್ನು ಕರೆಸು ಎಂದಷ್ಟೇ ಹೇಳಿದನು (ಅಪೊಸ್ತಲರ ಕೃತ್ಯಗಳು, ಅ. ಕೃ. 10). ರಕ್ಷಣೆಯ ಮಾತು ಮನುಷ್ಯರ ಬಾಯಿಂದಲೇ ಹೊರಡಬೇಕೆಂಬುದು ದೇವರ ಚಿತ್ತ. ರೋಮಾಪುರದವರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯದಲ್ಲಿ ಪೌಲನ ವಾದವೂ ಇದೇ: ಕರ್ತನಿಗೆ ಮೊರೆಯಿಡಬೇಕಾದರೆ ನಂಬಬೇಕು, ನಂಬಬೇಕಾದರೆ ಕೇಳಬೇಕು, ಕೇಳಬೇಕಾದರೆ ಸಾರುವವನು ಬೇಕು. ನಂಬಿಕೆ ದೊರೆಯಲೆಂದೇ ದೇವರು ಸುವಾರ್ತೆ ಸಾರುವ ಸೇವೆಯನ್ನು ಏರ್ಪಡಿಸಿದನೆಂದು ಲೂಥರನ್ ಸಭೆಗಳ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 5ನೇ ವಿಧಿ ಹೇಳುತ್ತದೆ. ಆದ್ದರಿಂದ ಪ್ರಸಂಗ, ಅಂದರೆ ಆರಾಧನೆಯಲ್ಲಿ ಮಾಡುವ ಬೋಧನೆ, ಮೊದಲಿಗೆ ಒಂದು ವಾರ್ತೆ, ಬುದ್ಧಿವಾದ ಆಮೇಲಿನದು. ಸಿದ್ಧತೆಯಲ್ಲಿ ಈ ಕ್ರಮ ತಿರುಗುಮುರುಗಾದರೆ ಉಳಿದೆಲ್ಲವೂ ಕೆಡುತ್ತದೆ.

ಬೈಬಲಿನ ಒಂದೇ ವಾಕ್ಯಭಾಗವನ್ನು ಆರಿಸಿಕೊಳ್ಳಿ, ಅದು ಪೂರ್ತಿಯಾಗಿರಲಿ. ಉದಾಹರಣೆಗೆ ಲೂಕ 18:9–14, ಫರಿಸಾಯನೂ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವನು) ಸುಂಕದವನೂ (ಜನರು ಪಾಪಿಯೆಂದು ಎಣಿಸುತ್ತಿದ್ದ ತೆರಿಗೆ ವಸೂಲಿಗಾರ) ಪ್ರಾರ್ಥಿಸುವ ಸಾಮ್ಯ. ಮೊದಲನೆಯವನು ತನ್ನ ಪುಣ್ಯವನ್ನು ಹೇಳಿಕೊಳ್ಳುತ್ತಾನೆ, ಎರಡನೆಯವನು ಕರುಣೆಯನ್ನಷ್ಟೇ ಬೇಡಿ ನೀತಿವಂತನೆನಿಸಿಕೊಳ್ಳುತ್ತಾನೆ. ಆರೇ ವಚನಗಳು. ವ್ಯಾಖ್ಯಾನಗಳನ್ನು ತೆರೆಯುವ ಮೊದಲು ಅದನ್ನು ಗಟ್ಟಿಯಾಗಿ ನಾಲ್ಕೈದು ಸಲ ಓದಿ. ತಾವೇ ನೀತಿವಂತರೆಂದು ನಂಬಿಕೊಂಡು ಇತರರನ್ನು ತಾತ್ಸಾರ ಮಾಡುವವರಿಗೆ ಯೇಸು ಇದನ್ನು ಹೇಳಿದನೆಂದು 9ನೇ ವಚನವೇ ತಿಳಿಸುತ್ತದೆ. ಅದನ್ನು ಬಿಟ್ಟು 10ರಿಂದ ಶುರುಮಾಡಿದರೆ ಗುರಿ ತಪ್ಪುತ್ತದೆ.

ಮುಂದಿನ ಹೆಜ್ಜೆ ಕಷ್ಟದ್ದು, ಅವಸರ ಮಾಡಬೇಡಿ. ಇಡೀ ಪ್ರಸಂಗದ ಸಾರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯದ ಕರ್ತೃ ದೇವರಾಗಿರಲಿ. "ನಾವು ಸುಂಕದವನಂತೆ ತಗ್ಗಿಸಿಕೊಳ್ಳಬೇಕು" ಎಂದು ಬರೆದರೆ ದೀನತೆಯೇ ಹೊಸ ಪುಣ್ಯಕಾರ್ಯವಾಗುತ್ತದೆ. ಕೇಳಿದವನು "ನಾನು ಆ ಫರಿಸಾಯನಂತಲ್ಲ" ಎಂದುಕೊಂಡು ಮನೆಗೆ ಹೋಗುತ್ತಾನೆ. "ತೋರಿಸಲು ಏನೂ ಇಲ್ಲದೆ ಕರುಣೆಗಾಗಿ ಮೊರೆಯಿಡುವ ಪಾಪಿಯನ್ನು ದೇವರು ನೀತಿವಂತನೆಂದು ನಿರ್ಣಯಿಸುತ್ತಾನೆ" ಎಂದು ಬರೆದರೆ ಅದು ಸುವಾರ್ತೆ. ದೀನತೆ ಅದರ ಫಲವಾಗಿ ಬರುತ್ತದೆ.

ಅಲ್ಲಿಂದ ಶಿಲುಬೆಗೆ ದಾರಿ ತೆರೆಯುವ ಪ್ರಶ್ನೆ: ನ್ಯಾಯವಂತನಾದ ದೇವರು ತಪ್ಪಿತಸ್ಥನನ್ನು ಬಿಡುವುದು ಹೇಗೆ? ರೋಮಾ 3:25–26 ಇದಕ್ಕೆ ಉತ್ತರ: ದೇವರು ಕ್ರಿಸ್ತನನ್ನೇ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಮುಂದಿಟ್ಟನು. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು (1 ಕೊರಿಂಥ 15:3–4). ಇದು ಪ್ರಸಂಗದ ನಡುವೆಯೇ ಬರಲಿ. ಇಪ್ಪತ್ತೈದು ನಿಮಿಷ ಉಪದೇಶ ಮಾಡಿ ಕೊನೆಯ ಎರಡು ನಿಮಿಷದಲ್ಲಿ ಶಿಲುಬೆಯನ್ನು ಅಂಟಿಸುವುದು ಎಲ್ಲೆಲ್ಲೂ ಕಾಣುವ ದೋಷ. ಆಗ ಕೇಳುಗನಿಗೆ ನೆನಪಿರುವುದು ಉಪದೇಶ ಮಾತ್ರ.

ನಂಬುವಂತೆ ಕೇಳುಗರಿಗೆ ಕೊಡುವ ಕರೆ ಸ್ಪಷ್ಟವಾಗಿರಬೇಕು. ಪಂಚಾಶತ್ತಮ ದಿನದಲ್ಲಿ, ಅಂದರೆ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಹಬ್ಬದ ದಿನ, ಪೇತ್ರನು ಯೋವೇಲನ ಪ್ರವಾದನೆಯನ್ನೂ ದಾವೀದನ ಕೀರ್ತನೆಗಳನ್ನೂ ಯೇಸುವಿನ ಮರಣ ಪುನರುತ್ಥಾನಗಳಿಗೆ ಜೋಡಿಸಿದನು. ಎದೆಯಲ್ಲಿ ಅಲಗು ನೆಟ್ಟಂತಾದ ಜನ "ನಾವೇನು ಮಾಡಬೇಕು?" ಎಂದು ಕೇಳಿದಾಗ ಮಾನಸಾಂತರ (ಪಾಪವನ್ನು ಬಿಟ್ಟು ದೇವರ ಕಡೆಗೆ ತಿರುಗುವುದು), ಯೇಸು ಕ್ರಿಸ್ತನ ಹೆಸರಿನಲ್ಲಿ ದೀಕ್ಷಾಸ್ನಾನ ಎಂದು ನೇರವಾಗಿ ಹೇಳಿದನು (ಅ. ಕೃ. 2:37–38). ನೀವೂ ನೇರವಾಗಿ ಹೇಳಿ. ಆರಾಧನೆಯ ನಂತರ ಯಾರೊಡನೆ, ಎಲ್ಲಿ ಮಾತಾಡಬಹುದೆಂದೂ ತಿಳಿಸಿ. ಸಂಗೀತವನ್ನು ಏರಿಸುತ್ತಾ ಅಳು ಬರುವವರೆಗೆ ಎಳೆಯಬೇಡಿ. ಹಾಗೆ ಎತ್ತಿದ ಕೈಗಳು ಭಾವಾವೇಶದ ಮೇಲೆ ನಿಲ್ಲುತ್ತವೆ. ನಂಬಿಕೆ ದೇವರ ಬಲವನ್ನು ಆಧಾರ ಮಾಡಿಕೊಂಡಿರಬೇಕೆಂದು ಪೌಲನು ಕೊರಿಂಥದವರಿಗೆ ಬರೆದನಲ್ಲವೇ?

ಭಾಷೆಯ ವಿಷಯದಲ್ಲಿ ಇಷ್ಟು: ನೀತಿ, ಕೃಪೆ, ಪ್ರಾಯಶ್ಚಿತ್ತ ಎಂಬ ಪದಗಳು ಮೊದಲ ಸಲ ಬಂದಾಗ ಒಂದು ಸರಳ ವಾಕ್ಯದಲ್ಲಿ ಬಿಡಿಸಿ ಹೇಳಿ.

ಹಿಂದಿನ ದಿನ ಗಡಿಯಾರ ಇಟ್ಟುಕೊಂಡು ಪೂರ್ತಿ ಮಾತಾಡಿ ನೋಡಿ. ಮೂವತ್ತು ನಿಮಿಷ ಮೀರಿದರೆ ಎರಡನೆಯ ದೃಷ್ಟಾಂತವನ್ನು ತೆಗೆಯಿರಿ, ಬೈಬಲ್ ವಾಕ್ಯದ ವಿವರಣೆಯನ್ನಲ್ಲ. ವಾರದ ಮಧ್ಯೆ ಇಬ್ಬರು ಮೂವರನ್ನು "ಭಾನುವಾರ ಕ್ರಿಸ್ತನ ಬಗ್ಗೆ ಏನು ಕೇಳಿದಿರಿ?" ಎಂದು ವಿಚಾರಿಸಿ. ಅವರಿಗೆ ದೃಷ್ಟಾಂತವಷ್ಟೇ ನೆನಪಿದ್ದರೆ ಮುಂದಿನ ಸಲ ದೃಷ್ಟಾಂತವನ್ನು ಅರ್ಧಕ್ಕೆ ಇಳಿಸಿ.