ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕಣ್ಣಿಗೆ 30 ದಿನದೊಳಗೆ ಮಾಡಿಸಬೇಕಾದ ಪರೀಕ್ಷೆ

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಅಕ್ಷಿಪಟಲದಲ್ಲಿ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ರೆಟಿನಾ) ರಕ್ತನಾಳಗಳು ಇನ್ನೂ ಅಂಚಿನವರೆಗೆ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ಅಡ್ಡಾದಿಡ್ಡಿಯಾಗಿ ಬೆಳೆದು ಪಟಲವನ್ನೇ ಎಳೆದು ಕಳಚಿದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ವೈದ್ಯರು ಇದನ್ನು ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುವುದರಿಂದ, ಮನೆಯವರು ನೋಡಿ ಗುರುತಿಸುವ ಕಾಯಿಲೆ ಇದಲ್ಲ.

ಮೊದಲು ಡಿಸ್ಚಾರ್ಜ್ ಚೀಟಿಯನ್ನು ನೋಡಿ. ಮಗು 34 ವಾರಕ್ಕೆ ಮುಂಚೆ ಹುಟ್ಟಿದ್ದರೆ ಅಥವಾ ಹುಟ್ಟಿದಾಗಿನ ತೂಕ 2 ಕೆಜಿಗಿಂತ ಕಡಿಮೆಯಿದ್ದರೆ, ಹುಟ್ಟಿದ 30 ದಿನದೊಳಗೆ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ ಶಿಶುವಿಗೆ ಎರಡು ಮೂರು ವಾರದಲ್ಲೇ ಆಗಬೇಕು. ಬಾಣಂತನ ಮುಗಿಯಲೆಂದು ಕಾಯುವುದು ನಮ್ಮಲ್ಲಿ ರೂಢಿ, ಆದರೆ ಈ ಕಾಯಿಲೆ ಕಾಯುವುದಿಲ್ಲ ಎಂಬುದನ್ನು ಹಿರಿಯರಿಗೆ ದಯವಿಟ್ಟು ತಿಳಿಸಿ ಹೇಳಿ.

ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿದ ಮೇಲೆ ತಜ್ಞರು ಪರೀಕ್ಷಿಸುತ್ತಾರೆ. ಹಾಲು ಕಕ್ಕದಂತೆ ಎಷ್ಟು ಹೊತ್ತು ಮುಂಚೆ ಕುಡಿಸಬೇಕೆಂದು ಅವರನ್ನೇ ಕೇಳಿ. ಕರ್ನಾಟಕದಲ್ಲಿ 2008ರಿಂದ ನಡೆಯುತ್ತಿರುವ ಕಿಡ್‌ರಾಪ್ ಯೋಜನೆಯಲ್ಲಿ, ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಕ್ಯಾಮೆರಾ ಒಯ್ದು, ಚಿತ್ರಗಳನ್ನು ದೂರದ ತಜ್ಞರಿಗೆ ಕಳುಹಿಸುತ್ತಾರೆ.

ಒಂದು ಪರೀಕ್ಷೆ ಸಾಲದು. ರಕ್ತನಾಳಗಳು ಅಂಚು ಮುಟ್ಟಿವೆ ಎಂದು ವೈದ್ಯರು ಹೇಳುವವರೆಗೆ, ಕೊಟ್ಟ ದಿನಾಂಕವನ್ನು ಒಮ್ಮೆಯೂ ತಪ್ಪಿಸಬೇಡಿ. ಲೇಸರ್ ಚಿಕಿತ್ಸೆ ಬೇಕೆಂದರೆ ಎರಡು ಮೂರು ದಿನದೊಳಗೇ ಮಾಡಿಸಿ.

ದಿನ ತುಂಬಿ ಹುಟ್ಟಿದ ಮಗುವೇ ಆಗಿದ್ದರೂ ಪಾಪೆ ಬೆಳ್ಳಗೆ ಹೊಳೆದರೆ, ಅದು ಹುಟ್ಟು ಪೊರೆಯೋ ಕಣ್ಣಿನ ಕ್ಯಾನ್ಸರೋ ಇರಬಹುದಾದ್ದರಿಂದ, ಕೂಡಲೇ ನೇತ್ರತಜ್ಞರಿಗೆ ತೋರಿಸಿ.