ಅಜ್ಜಿಯ ಮೂಗುಬೊಟ್ಟು: ಹಳೆಯ ಚಿತ್ರಗಳಿಗೆ ಪುಟ ಕಟ್ಟಿದ ನನ್ನ ಅನುಭವ

ಬ್ರಹ್ಮಾವರದ ಬಳಿ ಇರುವ ನಮ್ಮ ಅಜ್ಜಿಮನೆಯ ಹೆಂಚು ಇಳಿಸಿ ಮಾಡು ದುರಸ್ತಿ ಮಾಡಿಸುವಾಗ, ಅಟ್ಟದಲ್ಲಿದ್ದ ಹಲಸಿನ ಮರದ ಪೆಟ್ಟಿಗೆಯೊಂದನ್ನು ಉಡುಪಿಯ ನನ್ನ ಮನೆಗೆ ತಂದಿಟ್ಟುಕೊಂಡೆ. ಅದರೊಳಗೆ ನೂರ ನಲವತ್ತಕ್ಕೂ ಹೆಚ್ಚು ಛಾಯಾಚಿತ್ರಗಳಿದ್ದವು. ಕೆಲವು ಕಪ್ಪು ಹಾಳೆಯ ಆಲ್ಬಮ್ಮಿನಲ್ಲಿ ಮೂಲೆಗೊಂದು ಕಾಗದದ ತ್ರಿಕೋನದ ಹಿಡಿತದಲ್ಲಿ ಸುರಕ್ಷಿತವಾಗಿದ್ದವು. ಕೆಲವು ಎಂಬತ್ತರ ದಶಕದ ಅಂಟುಹಾಳೆಯ ಆಲ್ಬಮ್ಮಿಗೆ ಕಚ್ಚಿಕೊಂಡಿದ್ದವು. ಉಳಿದವು ಒಂದರ ಮೇಲೊಂದು ಬಿದ್ದು, ಕರಾವಳಿಯ ಎಷ್ಟೋ ಮಳೆಗಾಲಗಳ ತೇವವನ್ನು ಕುಡಿದು ಬಾಗಿದ್ದವು. ನಿವೃತ್ತಿಯ ನಂತರ ಮಗನಿಂದ ಫೋಟೋ ತಿದ್ದುವ ತಂತ್ರಾಂಶವನ್ನು ಕಲಿತು, ಹಬ್ಬ ಮತ್ತು ಪ್ರವಾಸಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲೇ ಪುಟಗಳಾಗಿ ಜೋಡಿಸುವ ಹವ್ಯಾಸವನ್ನು ಆಗಲೇ ಬೆಳೆಸಿಕೊಂಡಿದ್ದೆನಾದ್ದರಿಂದ, ಈ ಪೆಟ್ಟಿಗೆಯನ್ನು ಒಂದು ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಆಗಿ ಮಾಡಿ ಮನೆಮಂದಿಗೆಲ್ಲ ಹಂಚಬೇಕೆಂದು ನಿರ್ಧರಿಸಿದೆ.

ಹಳೆಯ ಕಪ್ಪು ಬಿಳುಪು ಚಿತ್ರದಲ್ಲಿ ಬೆಳ್ಳಿಯ ಕಣಗಳನ್ನು ಹಿಡಿದಿಟ್ಟಿರುವುದು ಜೆಲಟಿನ್ನಿನ ತೆಳುವಾದ ಪದರ. ತೇವವಿದ್ದಲ್ಲಿ ಜೆಲಟಿನ್ ಬೂಷ್ಟಿಗೆ ಒಳ್ಳೆಯ ಆಹಾರವಾಗುತ್ತದೆ. ಅದರ ಜೊತೆಗೆ ಬೆಳ್ಳಿಯೂ ನಿಧಾನವಾಗಿ ಮೇಲ್ಮೈಗೆ ಸರಿದು, ಚಿತ್ರವನ್ನು ಓರೆಯಾಗಿ ಹಿಡಿದಾಗ ಅಂಚಿನ ಕಪ್ಪು ಭಾಗಗಳಲ್ಲಿ ಕನ್ನಡಿಯಂಥ ನೀಲಿ ಹೊಳಪಾಗಿ ಕಾಣುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಈ ಎರಡೂ ಇದ್ದವು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಇಂಥ ಚಿತ್ರಗಳನ್ನು ಬಿಡಿಸಲು ಹೋಗಬಾರದೆಂದು ದೀಪಾವಳಿ ಕಳೆಯುವವರೆಗೆ ಕಾದು, ಗಾಳಿ ಒಣಗಿದ ಮೇಲೆಯೇ ಕೆಲಸಕ್ಕೆ ಕೈಹಾಕಿದೆ. ಮೆತ್ತನೆಯ ಬ್ರಷ್ಷಿನಿಂದ ಧೂಳನ್ನು ಸರಿಸಿದೆನೇ ಹೊರತು, ಒದ್ದೆ ಬಟ್ಟೆಯನ್ನು ಯಾವ ಚಿತ್ರಕ್ಕೂ ಮುಟ್ಟಿಸಲಿಲ್ಲ. ಅಂಟುಹಾಳೆಗೆ ಕಚ್ಚಿಕೊಂಡವುಗಳ ಕೆಳಗೆ ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ತೂರಿಸಿ, ಗರಗಸದಂತೆ ಅತ್ತಿತ್ತ ಎಳೆದು ಬಿಡಿಸಿದೆ. ಚೌಕಟ್ಟಿನ ಗಾಜಿಗೆ ಅಂಟಿಹೋಗಿದ್ದ ಅಜ್ಜನ ಚಿತ್ರವನ್ನು ಮಾತ್ರ ಬಿಡಿಸುವ ಸಾಹಸ ಮಾಡದೆ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿದೆ. ಎಳೆದಿದ್ದರೆ ಮುಖ ಗಾಜಿನಲ್ಲಿಯೇ ಉಳಿಯುತ್ತಿತ್ತು.

ಎಲ್ಲ ಚಿತ್ರಗಳನ್ನೂ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆಗಳಂತೆ), ಪಾಸ್‌ಪೋರ್ಟ್ ಅಳತೆಯ ಸಣ್ಣವುಗಳನ್ನು 1200ರಲ್ಲಿ ಸ್ಕ್ಯಾನ್ ಮಾಡಿ ಗುಣಮಟ್ಟ ಕುಗ್ಗದ ಟಿಫ್ ಕಡತಗಳಾಗಿ ಉಳಿಸಿದೆ. ಕಪ್ಪು ಬಿಳುಪಿನವನ್ನೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಬೇಕೆಂಬುದು ನನ್ನ ದೃಢವಾದ ಸಲಹೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಇನ್ನೊಂದು ಮಾತು: ಚಿತ್ರದ ಬೆನ್ನನ್ನೂ ಸ್ಕ್ಯಾನ್ ಮಾಡಬೇಕು. ಸ್ಟುಡಿಯೋದ ಮುದ್ರೆ, ಪೆನ್ಸಿಲಿನಲ್ಲಿ ಬರೆದ ಇಸವಿ, ಯಾರೋ ಬಾಕಿ ಹಣದ ಲೆಕ್ಕ ಹಾಕಿದ ಗುರುತು, ಇವೆಲ್ಲ ಹಿಂದುಗಡೆಯೇ ಇರುತ್ತವೆ. ನಮ್ಮ ಮುಖ್ಯ ಚಿತ್ರದ ಕಾಲ 1961 ಎಂದು ತಿಳಿದದ್ದು ಅದರ ಬೆನ್ನಿನಿಂದಲೇ.

ಆ ಚಿತ್ರದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಜ್ಜಿಮನೆಯ ಚಾವಡಿಯ ಮುಂದೆ ಹನ್ನೊಂದು ಮಂದಿ ನಿಂತಿದ್ದಾರೆ, ನಡುವೆ ಅಜ್ಜಿ ಕುಳಿತಿದ್ದಾರೆ. ಚಿತ್ರದ ಬಲಭಾಗದಲ್ಲೆಲ್ಲ ಚಹಾದ ಬಣ್ಣದ ಕಲೆ ಹರಡಿತ್ತು. ನಾನು ಬಳಸುವುದು ಗಿಂಪ್ ಎಂಬ ಉಚಿತ ತಂತ್ರಾಂಶವನ್ನು. ಅದರಲ್ಲಿ ‘ಡೀಕಂಪೋಸ್’ ಎಂಬ ಆಯ್ಕೆಯಿಂದ ಚಿತ್ರವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಾಗಿ ಒಡೆಯಬಹುದು. ಹಳದಿ ಮತ್ತು ಕಂದು ಕಲೆಗಳು ನೀಲಿ ಬೆಳಕನ್ನು ಹೀರಿ ಕೆಂಪನ್ನು ಹೆಚ್ಚುಕಡಿಮೆ ಹಾಗೆಯೇ ಹಿಂದಿರುಗಿಸುವುದರಿಂದ, ನೀಲಿ ಪದರದಲ್ಲಿ ಕಲೆ ಮಸಿ ಚೆಲ್ಲಿದಂತೆ ಕಂಡರೂ ಕೆಂಪು ಪದರದಲ್ಲಿ ಬಹುಪಾಲು ಮಾಯವಾಗಿರುತ್ತದೆ. ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದರ ಪ್ರಯೋಜನ ಇದೇ. ಮೂರು ದಿನ ಕುಂಚ ಹಿಡಿದು ತಿದ್ದಿದರೂ ಹೋಗದಿರಬಹುದಾದ ಕಲೆ, ಕೆಂಪು ಪದರವನ್ನು ಮಾತ್ರ ಇಟ್ಟುಕೊಂಡಾಗ ಒಂದು ನಿಮಿಷದಲ್ಲಿ ಹೋಯಿತು. ಕಲೆಯ ಹಿಂದಿನಿಂದ ದೊಡ್ಡ ಮಾವನ ಅಂಗಿಯ ಗೆರೆಗಳು ಒಂದೊಂದಾಗಿ ಎದ್ದು ಬಂದ ಆ ಕ್ಷಣದ ಸಂತೋಷ ನನಗೆ ಇಂದಿಗೂ ನೆನಪಿದೆ.

ಉಳಿದದ್ದು ಬೂಷ್ಟಿನ ಬಿಳಿ ಚುಕ್ಕೆಗಳು. ಮೂಲ ಪದರದ ನಕಲೊಂದನ್ನು ಮಾಡಿಕೊಂಡು, ಅದರ ಮೇಲೆ ‘ಹೀಲ್’ ಉಪಕರಣದಿಂದ ಒಂದೊಂದೇ ಚುಕ್ಕೆಯನ್ನು ಪಕ್ಕದ ಚರ್ಮ ಅಥವಾ ಬಟ್ಟೆಯ ಮಾದರಿಯಿಂದ ಮುಚ್ಚುತ್ತ ಹೋದೆ. ಎರಡು ಸಂಜೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಚುಕ್ಕೆಗಳು ಹೋದವು. ಮುಖಗಳು ಸ್ವಚ್ಛವಾದವು. ತೃಪ್ತಿಯಿಂದ ಅದನ್ನು ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದೆ. ಮೆಚ್ಚುಗೆಯ ಸಂದೇಶಗಳು ಬರುತ್ತಿದ್ದಂತೆಯೇ ಮುಂಬೈ ಬಳಿಯ ಡೊಂಬಿವಲಿಯಿಂದ ಚಿಕ್ಕಮ್ಮ ಕರೆ ಮಾಡಿದರು.

“ಚಂದ ಆಗಿದೆ ಮಗಾ. ಆದರೆ ಅಮ್ಮನ ಮೂಗುಬೊಟ್ಟು ಎಲ್ಲುಂಟು?”

ಮೂಲ ಚಿತ್ರವನ್ನು ತೆರೆದು ದೊಡ್ಡದು ಮಾಡಿ ನೋಡಿದೆ. ಅಜ್ಜಿಯ ಮೂಗಿನ ಎಡಹೊಳ್ಳೆಯ ಮೇಲೆ ಐದಾರು ಪಿಕ್ಸೆಲ್ಲಿನಷ್ಟು ಅಗಲದ ಬಿಳಿ ಚುಕ್ಕೆಯೊಂದಿತ್ತು. ಬೂಷ್ಟಿನ ಚುಕ್ಕೆಗಳ ಅಂಚು ಹರಿದಂತೆ ಇದ್ದರೆ, ಇದು ಗುಂಡಗೆ, ಕೆಳಗೆ ಸಣ್ಣ ನೆರಳನ್ನು ಇಟ್ಟುಕೊಂಡು ಕುಳಿತಿತ್ತು. ನೋಡಿದ್ದರೆ ತಿಳಿಯುತ್ತಿತ್ತು, ಇನ್ನೂರು ಚುಕ್ಕೆಗಳನ್ನು ಅಳಿಸಿದ ಕೈ ಇನ್ನೂರ ಒಂದನೆಯದನ್ನೂ ಅಳಿಸಿಬಿಟ್ಟಿತ್ತು. ಚಿತ್ರ ತೆಗೆದ ಮರುವರ್ಷ ದೊಡ್ಡ ಮಾವ ಹೋಟೆಲ್ ಕೆಲಸಕ್ಕೆಂದು ಬೊಂಬಾಯಿಗೆ ಹೊರಟಾಗ, ದಾರಿಯ ಖರ್ಚಿಗೂ ಬಟ್ಟೆಗೂ ಅಜ್ಜಿ ಆ ಮೂಗುಬೊಟ್ಟನ್ನೇ ಮಾರಿದರಂತೆ. ಆಮೇಲೆ ಅವರು ಮೂಗಿಗೆ ಏನನ್ನೂ ಇಡಲಿಲ್ಲ. ಪೆಟ್ಟಿಗೆಯ ಅಷ್ಟೂ ಚಿತ್ರಗಳಲ್ಲಿ ಮೂಗುಬೊಟ್ಟು ಇರುವುದು ಈ ಒಂದರಲ್ಲಿ ಮಾತ್ರ. ನನಗೆ ಆ ಸಂಗತಿ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಮೂಲ ಪದರ ಕೆಳಗೆ ಹಾಗೆಯೇ ಇದ್ದುದರಿಂದ, ಮೇಲಿನ ಪದರಕ್ಕೆ ಮಾಸ್ಕ್ (ಕಪ್ಪು ಬಳಿದಲ್ಲಿ ಆ ಪದರವನ್ನು ಮರೆಮಾಡುವ ಹೊದಿಕೆ) ಹಾಕಿ ಆ ಜಾಗದಲ್ಲಿ ಕಪ್ಪು ಬಳಿದಾಗ ಮೂಗುಬೊಟ್ಟು ಹಿಂದಿರುಗಿತು. ಅದೇ ಕಡತವನ್ನು ತಿದ್ದಿ ಅದರ ಮೇಲೆಯೇ ಉಳಿಸುವ ಅಭ್ಯಾಸ ನನಗಿದ್ದಿದ್ದರೆ, ಚಿತ್ರವನ್ನು ಮತ್ತೆ ಸ್ಕ್ಯಾನ್ ಮಾಡಿ ಎರಡು ಸಂಜೆಗಳ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತಿತ್ತು.

ಆ ದಿನದಿಂದ ನನ್ನ ಕೆಲಸದ ಕ್ರಮವನ್ನೇ ಬದಲಾಯಿಸಿದೆ. ತಿದ್ದಿದ ಮೇಲೆ ಹಂಚುವುದರ ಬದಲು, ತಿದ್ದುವ ಮೊದಲೇ ಹಂಚತೊಡಗಿದೆ. ಪ್ರತಿ ಚಿತ್ರದ ಮೇಲೆ ಬೇರೆ ಪದರವೊಂದನ್ನು ಹಾಕಿ, ನನಗೆ ಅರ್ಥವಾಗದ ಮುಖ, ಗುರುತು, ಕಲೆ, ವಸ್ತುಗಳ ಸುತ್ತ ಕೆಂಪು ವೃತ್ತ ಎಳೆದು ಸಂಖ್ಯೆ ಬರೆಯುತ್ತೇನೆ. ಅದನ್ನು ಗುಂಪಿಗೆ ‘ಫೋಟೋ’ ಆಗಿ ಕಳುಹಿಸದೆ ‘ಡಾಕ್ಯುಮೆಂಟ್’ ಆಗಿ ಕಳುಹಿಸುತ್ತೇನೆ. ಫೋಟೋ ಆಗಿ ಹೋದರೆ ಗಾತ್ರ ಕುಗ್ಗಿ, ಸಣ್ಣ ವಿವರಗಳು ಕಲಸಿಹೋಗುತ್ತವೆ. ಹಿರಿಯರು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿ ಧ್ವನಿಸಂದೇಶ ಕಳುಹಿಸುತ್ತಾರೆ. ಟೈಪ್ ಮಾಡಿ ಎಂದು ನಾನು ಎಂದೂ ಒತ್ತಾಯಿಸಿಲ್ಲ, ಏಕೆಂದರೆ ಮಾತಿನಲ್ಲಿ ಬರುವ ನೆನಪು ಟೈಪಿಂಗಿನಲ್ಲಿ ಬರುವುದಿಲ್ಲ.

ಹೀಗೆ ಬಂದ ಉತ್ತರಗಳು ನನ್ನ ಕೈಯನ್ನು ಎಷ್ಟೋ ಬಾರಿ ತಡೆದಿವೆ. ಗೋಡೆಯ ಮೇಲಿನ ಕಪ್ಪು ಕಲೆಯೆಂದು ನಾನು ಅಳಿಸಲು ಹೊರಟಿದ್ದು, ಗೂಟಕ್ಕೆ ನೇತುಹಾಕಿದ ಅಜ್ಜನ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ. ಇನ್ನೊಂದರಲ್ಲಿ ಎಡದಿಂದ ಬಲಕ್ಕೆ ಹರಿದ ಗೀರು ಎಂದುಕೊಂಡದ್ದು ಬಟ್ಟೆ ಒಣಹಾಕುವ ಹಗ್ಗ. ದೊಡ್ಡಮ್ಮ ಅದನ್ನು ಗುರುತಿಸಿದ್ದಷ್ಟೇ ಅಲ್ಲ, ಹಗ್ಗದ ಒಂದು ತುದಿಯನ್ನು ಕಟ್ಟಿದ್ದ ಬಿಂಬುಳಿ ಮರ ಯಾವ ವರ್ಷದ ಗಾಳಿಗೆ ಬಿತ್ತು ಎಂಬುದನ್ನೂ ಹೇಳಿದರು. ಅದರಿಂದ ಆ ಚಿತ್ರ ಯಾವ ವರ್ಷಕ್ಕಿಂತ ಹಿಂದಿನದು ಎಂಬುದು ಖಚಿತವಾಯಿತು.

ಒಂದೇ ಗುಂಡಿ ಒತ್ತಿದರೆ ಹಳೆಯ ಚಿತ್ರವನ್ನು ಹೊಸದಾಗಿಸುವ ಆ್ಯಪ್‌ಗಳನ್ನೂ ಪ್ರಯತ್ನಿಸಿದ್ದೇನೆ. ಅವು ಮಸುಕಾದ ಮುಖವನ್ನು ಸ್ಪಷ್ಟಗೊಳಿಸುವುದು ಇದ್ದ ವಿವರವನ್ನು ಹೊರತೆಗೆದಲ್ಲ, ಇಲ್ಲದ ವಿವರವನ್ನು ಊಹಿಸಿ ತುಂಬಿ. ಅಜ್ಜಿಯ ಕಣ್ಣಿಗೆ ಬೇರೆ ಯಾರದೋ ರೆಪ್ಪೆ ಬಂದಿತ್ತು, ಎಲೆ ಅಡಿಕೆಯಿಂದ ಸವೆದ ಹಲ್ಲುಗಳ ಜಾಗದಲ್ಲಿ ಸಾಲಾದ ಬಿಳಿ ಹಲ್ಲುಗಳಿದ್ದವು. ಮುಖದ ವಿಷಯದಲ್ಲಿ ಮಸುಕು ಮಸುಕಾಗಿಯೇ ಇರಲಿ ಎಂಬುದು ನನ್ನ ನಿಲುವು. ಕಪ್ಪು ಬಿಳುಪಿಗೆ ಬಣ್ಣ ಹಚ್ಚುವುದನ್ನೂ ನಾನು ಮಾಡುವುದಿಲ್ಲ. ಅಜ್ಜಿಯ ಸೀರೆಯ ಬಣ್ಣ ಹೇಳಬಲ್ಲವರು ಇದ್ದರೆ ಅದನ್ನು ಪುಟದ ಅಡಿಬರಹದಲ್ಲಿ ಬರೆಯುತ್ತೇನೆ. ಎಂಬತ್ತರ ದಶಕದ ಬಣ್ಣದ ಚಿತ್ರಗಳ ಮಾತು ಬೇರೆ. ಅವು ಕೆಂಪಾಗಿರುವುದು ಸಯಾನ್ (ಹಸಿರುನೀಲಿ) ಬಣ್ಣದ ಪದರ ಮೊದಲು ಮಾಸಿರುವುದರಿಂದ. ಬೆಳಕು ನೆರಳು ಹೊಂದಿಸುವ ‘ಲೆವೆಲ್ಸ್’ ಆಯ್ಕೆಯಲ್ಲಿ ಕೆಂಪು ಚಾನೆಲ್ಲಿನ ಕಪ್ಪು ಬಿಂದುವನ್ನು ಬಲಕ್ಕೆ ಸರಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಪುಟ ಕಟ್ಟುವುದಕ್ಕೆ ನಾನು ಇಟ್ಟುಕೊಂಡ ಅಳತೆ 12 ಇಂಚಿನ ಚೌಕ. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕಾದ್ದರಿಂದ ಅದು 3600 ಪಿಕ್ಸೆಲ್ಲಿನ ಚೌಕವಾಗುತ್ತದೆ. ಹಿನ್ನೆಲೆಗಾಗಿ ಸಿದ್ಧ ವಿನ್ಯಾಸಗಳನ್ನು ಮೊದಮೊದಲು ಬಳಸಿದ್ದೆ. ಅವುಗಳಲ್ಲಿ ಹೆಚ್ಚಿನವು ಹಿಮದ ಹರಳು, ಗುಲಾಬಿ, ಲೇಸುಗಳ ಲೋಕದವು. ಚಾವಡಿಯ ಮುಂದೆ ನಿಂತ ಹನ್ನೊಂದು ಮಂದಿಗೆ ಅವು ಹೊಂದಲಿಲ್ಲ. ಆದ್ದರಿಂದ ಮನೆಯ ಸುತ್ತಲಿನದನ್ನೇ ಸ್ಕ್ಯಾನರಿಗೆ ಇಟ್ಟೆ. ಅಜ್ಜಿಯ ಹಳೆಯ ಉಡುಪಿ ಕೈಮಗ್ಗದ ಸೀರೆಯ ಚೌಕುಳಿ, ಸ್ವಲ್ಪ ತೆಳುಗೊಳಿಸಿದಾಗ, ತುಂಬ ಒಳ್ಳೆಯ ಹಿನ್ನೆಲೆ ಕಾಗದವಾಯಿತು. ಇಳಿಸಿದ ಹೆಂಚುಗಳಲ್ಲೊಂದನ್ನು ಸಂಜೆಯ ಓರೆ ಬಿಸಿಲಿನಲ್ಲಿಟ್ಟು ಚಿತ್ರ ತೆಗೆದೆ. ಅಚ್ಚಿನ ಅಕ್ಷರಗಳು ಎದ್ದು ಕಾಣುವುದು ಓರೆ ಬೆಳಕಿನಲ್ಲಿ ಮಾತ್ರ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಈ ಕೆಂಪು ಹೆಂಚು ನಮ್ಮ ಕಡೆಯ ಎಷ್ಟು ಮನೆಗಳ ತಲೆ ಕಾದಿದೆಯೋ, ನಮ್ಮ ಕುಟುಂಬದ ಪುಟಗಳಿಗೂ ಅದೇ ಅಂಚಾಗಲಿ ಎನಿಸಿತು.

ಹೂಗಳನ್ನು ಸ್ಕ್ಯಾನ್ ಮಾಡುವಾಗ ಗಾಜಿನ ಮೇಲೆ ಪಾರದರ್ಶಕ ಹಾಳೆಯನ್ನು ಹಾಸಬೇಕು, ಮುಚ್ಚಳವನ್ನು ತೆರೆದಿಟ್ಟು ಕೋಣೆಯನ್ನು ಕತ್ತಲಾಗಿಸಬೇಕು. ಆಗ ಹಿನ್ನೆಲೆ ಕಪ್ಪಾಗಿ ಬಂದು ಹೂವನ್ನು ಕತ್ತರಿಸಿ ತೆಗೆಯುವುದು ಸುಲಭವಾಗುತ್ತದೆ. ಕೇಪುಳ ಹೂ ಚೆನ್ನಾಗಿ ಬರುತ್ತದೆ. ಶಂಕರಪುರ ಮಲ್ಲಿಗೆಯ ಚೆಂಡನ್ನು ಮಾತ್ರ ಬೆಳಿಗ್ಗೆ ತಂದ ಕೂಡಲೇ ಸ್ಕ್ಯಾನ್ ಮಾಡಬೇಕು, ತಡವಾದರೆ ಎಸಳಿನ ಅಂಚು ಕಂದಾಗುತ್ತದೆ. ಹೀಗೆ ಕತ್ತರಿಸಿದ ಪ್ರತಿಯೊಂದಕ್ಕೂ ನೆರಳು ಕೊಡುವಾಗ ಇಡೀ ಪುಟಕ್ಕೆ ಬೆಳಕು ಒಂದೇ ದಿಕ್ಕಿನಿಂದ ಬರುವಂತೆ ನೋಡಿಕೊಳ್ಳುತ್ತೇನೆ. ಹೂವಿನ ನೆರಳು ಬಲಕ್ಕೂ ಚಿತ್ರದ ನೆರಳು ಎಡಕ್ಕೂ ಬಿದ್ದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಪುಟ ಸುಳ್ಳೆನಿಸುತ್ತದೆ.

ಅಡಿಬರಹಕ್ಕೆ ಯೂನಿಕೋಡ್ ಅಕ್ಷರವನ್ನೇ ಬಳಸುತ್ತೇನೆ. ‘ನೋಟೊ ಸಾನ್ಸ್ ಕನ್ನಡ’ ಎಂಬ ಅಕ್ಷರಶೈಲಿ ಓದಲು ಹಿತವಾಗಿದೆ, ಶೀರ್ಷಿಕೆಗೆ ‘ಬಲೂ ತಮ್ಮ’ ಎಂಬುದು ಚೆನ್ನಾಗಿ ಒಪ್ಪುತ್ತದೆ. ಸಾಲುಗಳ ನಡುವೆ ತುಸು ಹೆಚ್ಚು ಅಂತರ ಬಿಡದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಆದರೆ ಈ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಕ್ಷರಗಳು ಅಜ್ಜಿಯವೇ. ಹಾಲಿನ ಲೆಕ್ಕದ ಪುಸ್ತಕದ ಒಂದು ಹಾಳೆಯನ್ನು ಸ್ಕ್ಯಾನ್ ಮಾಡಿ, ಲೇಯರಿನ ವಿಧಾನವನ್ನು ‘ಮಲ್ಟಿಪ್ಲೈ’ಗೆ ಬದಲಿಸಿದಾಗ ಕಾಗದದ ಬಿಳುಪು ಕರಗಿ, ಶಾಯಿಯ ಗೆರೆಗಳು ಮಾತ್ರ ಸೀರೆಯ ಚೌಕುಳಿಯ ಮೇಲೆ ಉಳಿದವು.

ಹಂಚುವುದರಲ್ಲಿಯೂ ಕೆಲವು ಎಲ್ಲೆಗಳಿವೆ. ಮನೆಯಲ್ಲಿ ನಡೆದ ನೇಮದ, ಅಂದರೆ ದೈವಾರಾಧನೆಯ, ಎರಡು ಚಿತ್ರಗಳಿದ್ದವು. ಅವುಗಳ ಸುತ್ತ ಅಲಂಕಾರ ಜೋಡಿಸುವುದು ಸರಿಯಲ್ಲವೆಂದು ಹಿರಿಯರು ಹೇಳಿದಾಗ, ಅವನ್ನು ಪುಟಕ್ಕೆ ಸೇರಿಸದೆ ಸ್ಕ್ಯಾನ್ ಪ್ರತಿಯನ್ನು ಮಾತ್ರ ಅಜ್ಜಿಮನೆಗೆ ಕೊಟ್ಟೆ. ಈಗಿನ ಮಕ್ಕಳ ಚಿತ್ರಗಳನ್ನು ಅವರ ತಂದೆ ತಾಯಿಯನ್ನು ಕೇಳದೆ ಮನೆಮಂದಿಯ ಗುಂಪಿನ ಹೊರಗೆ ತೋರಿಸುವುದಿಲ್ಲ. ಇದೇ ಹವ್ಯಾಸವಿರುವ ಮಂಗಳೂರು, ಮಣಿಪಾಲದ ಗೆಳತಿಯರೊಡನೆ ಚಿತ್ರಗಳಿಗಿಂತ ಹೆಚ್ಚಾಗಿ ನಾನು ಹಂಚಿಕೊಳ್ಳುವುದು ಹೆಂಚು, ಹೂ, ಸೀರೆಯ ಹಿನ್ನೆಲೆಗಳನ್ನು. ಅವು ನಾನೇ ತಯಾರಿಸಿದವಾದ್ದರಿಂದ ಯಾರ ಅನುಮತಿಯ ಪ್ರಶ್ನೆಯೂ ಬರುವುದಿಲ್ಲ.

ಮೊದಲ ಮುದ್ರಣದಲ್ಲಿ ಪುಟಗಳೆಲ್ಲ ಕಪ್ಪಿಟ್ಟು ಬಂದವು. ನನ್ನ ಮಾನಿಟರಿನ ಬೆಳಕನ್ನು ವಿಪರೀತ ಹೆಚ್ಚಿಸಿಟ್ಟು ತಿದ್ದಿದ್ದೇ ಅದಕ್ಕೆ ಕಾರಣ. ಬೆಳಕನ್ನು ತಗ್ಗಿಸಿ ಮತ್ತೆ ಹೊಂದಿಸಿ, ಒಂದೇ ಪುಟವನ್ನು ಪರೀಕ್ಷೆಗೆಂದು ಮುದ್ರಿಸಿ ಹಗಲಿನ ಬೆಳಕಿನಲ್ಲಿ ನೋಡಿದ ಮೇಲೆಯೇ ಉಳಿದವನ್ನು ಕೊಟ್ಟೆ. ಇದುವರೆಗೆ ಇಪ್ಪತ್ತೆರಡು ಪುಟಗಳಾಗಿವೆ. ಮೂರು ಪ್ರತಿಗಳಲ್ಲಿ ಒಂದು ಡೊಂಬಿವಲಿಗೆ ಹೋಗಿದೆ. 1961ರ ಚಿತ್ರದ ಪುಟದಲ್ಲಿ ಅಜ್ಜಿಯ ಮುಖವನ್ನು ಬೇರೆಯಾಗಿ, ದೊಡ್ಡದಾಗಿ ಇಟ್ಟು, ಅಡಿಯಲ್ಲಿ ಮೂಗುಬೊಟ್ಟಿನ ಸಂಗತಿಯನ್ನು ಚಿಕ್ಕಮ್ಮ ಹೇಳಿದ ಮಾತುಗಳಲ್ಲಿಯೇ ಬರೆದಿದ್ದೇನೆ.

ಈಗ ಮೇಜಿನ ಮೇಲಿರುವುದು ಗದ್ದೆಯ ಬದುವಿನಲ್ಲಿ ಸಾಲಾಗಿ ನಿಂತ ಮಕ್ಕಳ ಚಿತ್ರ. ಆರು ವೃತ್ತಗಳನ್ನು ಎಳೆದು ಕಳುಹಿಸಿದ್ದೆ, ಐದಕ್ಕೆ ಹೆಸರು ಬಂದಿವೆ. ನಾಲ್ಕನೆಯ ಸಂಖ್ಯೆಯ ಹುಡುಗ ಯಾರೆಂದು ಯಾರಿಗೂ ನೆನಪಾಗುತ್ತಿಲ್ಲ. ಹೇರೂರಿನ ದೊಡ್ಡಮ್ಮನಿಗೆ ತಿಳಿದಿರಬಹುದು, ಅವರ ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿಯಲಿ ಎಂದು ಚಿಕ್ಕಮ್ಮ ಹೇಳಿದ್ದಾರೆ. ಆತನ ಹಣೆಯ ಮೇಲೊಂದು ಬಿಳಿ ಗೆರೆಯಿದೆ. ಅದು ಕಾಗದದ ಗೀರೋ, ಗಾಯದ ಕಲೆಯೋ ತಿಳಿಯದ ಕಾರಣ ಮುಟ್ಟದೆ ಬಿಟ್ಟಿದ್ದೇನೆ.