650 ಸುತ್ತಿನ ಲಿಸ್ಟರ್, 1500 ಸುತ್ತಿನ ಕಿರ್ಲೋಸ್ಕರ್: ತೋಟಕ್ಕೆ ಯಾವುದು?

ಕೊಡಗಿನಲ್ಲಿ ರೈಲು ಓಡುವುದಿಲ್ಲ, ಹಾಗಾಗಿ ಡೀಸೆಲ್ ಎಂಜಿನ್ ಎಂದರೆ ರೈಲಿನದ್ದಲ್ಲ. ಇಲ್ಲಿ ಹಳೇ ಡೀಸೆಲ್ ಎಂಜಿನ್ ಎಂದರೆ ಕಾಫಿ ತೋಟದ ಕೆರೆ ದಡದಲ್ಲಿ ನೀರೆತ್ತುವುದು, ಇಲ್ಲವೇ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯದ್ದು. ನಾನು ಬಿಚ್ಚಿ ಕಟ್ಟಿ ಓಡಿಸಿರುವುದು ಎರಡು ಜಾತಿ: ಲಿಸ್ಟರ್ ಸಿಎಸ್ 6/1 ಮತ್ತು ಕಿರ್ಲೋಸ್ಕರ್ ಎವಿ1.

ಬಲ ಹೆಚ್ಚುಕಮ್ಮಿ ಒಂದೇ, 6 ಮತ್ತು 5 ಎಚ್‌ಪಿ. ಒಳಗಿನ ಲೆಕ್ಕವೇ ಬೇರೆ. ಲಿಸ್ಟರ್‌ನ ಬೋರ್ (ಸಿಲಿಂಡರಿನ ಒಳ ವ್ಯಾಸ) 114.3 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 139.7, ಸುಮಾರು 1433 ಸಿಸಿ, ನಿಮಿಷಕ್ಕೆ 650 ಸುತ್ತು. ಎವಿ1ನ ಬೋರ್ 80, ಸ್ಟ್ರೋಕ್ 110. 553 ಸಿಸಿ, 1500 ಸುತ್ತು. ಎಂಟು ಗಂಟೆ ಓಡಿಸಿದರೆ ಲಿಸ್ಟರ್ 3.12 ಲಕ್ಷ ಸುತ್ತು ತಿರುಗುತ್ತದೆ, ಎವಿ1 7.2 ಲಕ್ಷ. ಲಿಸ್ಟರ್‌ನ ರಿಂಗ್, ಲೈನರ್ ನಿಧಾನ ಸವೆಯುವುದಕ್ಕೆ ಇದೇ ಕಾರಣ. ಆದರೆ ಮುನ್ನೂರು ಕಿಲೋ ಮಿಕ್ಕಿದ ಆ ಎಂಜಿನ್ನನ್ನು ಕೆರೆಯಿಂದ ಕೆರೆಗೆ ಸಾಗಿಸುವ ಕೆಲಸ ಯಾರಿಗೂ ಬೇಡ. ಕಾಂಕ್ರೀಟು ಹಾಕಿ ಕೂರಿಸಬೇಕು, ಬೋಲ್ಟ್ ಸಡಿಲಾದರೆ ನೆಲವೇ ನಡುಗುತ್ತದೆ. ಎವಿ1 ಆದರೆ ಟ್ರಾಲಿಗೆ ಕಟ್ಟಿ ಜೀಪಿನಲ್ಲಿ ಎಳೆಯಬಹುದು.

ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟಾಗ ರೊಬಸ್ಟಾ ಕಾಫಿಗೆ ಒಂದರಿಂದ ಒಂದೂವರೆ ಇಂಚು ನೀರು ಬೇಕು. ಎಕರೆಗೆ ಒಂದು ಇಂಚು ಎಂದರೆ ಸುಮಾರು 1.03 ಲಕ್ಷ ಲೀಟರ್. 5 ಎಚ್‌ಪಿ ಎಂಜಿನ್ ಎತ್ತರ, ಪೈಪಿನ ತಡೆ, ಸ್ಪ್ರಿಂಕ್ಲರ್ ಒತ್ತಡ ಸೇರಿ ಒಟ್ಟು 45 ಮೀಟರ್ ಹೆಡ್‌ಗೆ ಗಂಟೆಗೆ 15 ಸಾವಿರ ಲೀಟರ್ ಎತ್ತಿದರೆ ದೊಡ್ಡದು. ಒಂದು ಇಂಚಿಗೆ ಎಕರೆಗೆ ಏಳು ಗಂಟೆ. ದೊಡ್ಡ ತೋಟಕ್ಕೆ ಈ ಎರಡೂ ಸಾಲವು.

ಲಿಸ್ಟರ್‌ಗೆ ಪಂಪ್ ಹೂಡುವಾಗ ಎಡವುವುದು ಪುಲ್ಲಿಯಲ್ಲಿ. ಪಂಪಿಗೆ 1450 ಸುತ್ತು ಬೇಕಾದರೆ ಎಂಜಿನ್ ಕಡೆ 18 ಇಂಚು, ಪಂಪ್ ಕಡೆ 8 ಇಂಚು ಹಾಕಬೇಕು. 1462 ಬರುತ್ತದೆ, ಬೆಲ್ಟ್ ಜಾರಿದ್ದು ಕಳೆದು 1425 ಸಿಗುತ್ತದೆ. ಕೈಗೆ ಸಿಕ್ಕ 16 ಇಂಚಿನದು ಹಾಕಿದರೆ 1300. ಸುತ್ತು ಹತ್ತನೇ ಒಂದು ಪಾಲು ಇಳಿದರೆ ಒತ್ತಡ ಐದನೇ ಒಂದು ಪಾಲು ಇಳಿಯುತ್ತದೆ. ಸ್ಪ್ರಿಂಕ್ಲರ್ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ದೂರ ಹೋಗದೆ ಬುಡದಲ್ಲೇ ಬೀಳುತ್ತದೆ. ಎವಿ1ಗೆ ನೇರ ಕಪ್ಲಿಂಗ್, ಈ ತಲೆನೋವಿಲ್ಲ.

ಮಡಿಕೇರಿಯ ಎತ್ತರದಲ್ಲಿ, ಅಂದರೆ ಸುಮಾರು 1150 ಮೀಟರ್‌ನಲ್ಲಿ, ಗಾಳಿ ತೆಳು. ಎರಡೂ ಎಂಜಿನ್ನಿನ ಬಲ ಹತ್ತರಲ್ಲಿ ಒಂದು ಪಾಲು ಕಡಿಮೆ ಎಂದಿಟ್ಟುಕೊಳ್ಳಿ. ಕಪ್ಪು ಹೊಗೆ ಬಂದರೆ ಡೀಸೆಲ್ ಸಿಂಪಡಿಸುವ ನಾಜಲ್ ಬಿಚ್ಚುವ ಮೊದಲು ಲೋಡ್ ಇಳಿಸಿ ನೋಡಿ. ಪಂಪ್ ನೀರೆಳೆಯುವ ಆಳವೂ ಮೀಟರ್‌ನಷ್ಟು ಕುಗ್ಗುತ್ತದೆ. ನೀರಿನ ಮಟ್ಟದಿಂದ ಐದು ಮೀಟರ್‌ಗಿಂತ ಮೇಲೆ ಎಂಜಿನ್ ಇಡಬೇಡಿ.

ಎವಿ1ನಲ್ಲಿ ತಪ್ಪುವುದು ಟೈಮಿಂಗ್, ಅಂದರೆ ಡೀಸೆಲ್ ಬೀಳುವ ಹೊತ್ತು. ಫ್ಯೂಯೆಲ್ ಪಂಪ್ ಬಿಚ್ಚಿದಾಗ ಅಡಿಯ ತೆಳು ತಗಡಿನ ಶಿಮ್ ಒಂದು ಮಣ್ಣಿಗೆ ಬಿದ್ದು ಕಾಣೆಯಾಗುತ್ತದೆ, ಆಮೇಲೆ ಎಂಜಿನ್ ಬಡಿಯತೊಡಗುತ್ತದೆ. ಡೀಸೆಲ್ ಬೀಳಬೇಕಾದದ್ದು ಪಿಸ್ಟನ್ ಮೇಲಕ್ಕೆ ತಲುಪುವ 23 ಡಿಗ್ರಿ ಮೊದಲು. ಡಿಗ್ರಿ ಅಳೆಯುವ ಉಪಕರಣ ಬೇಡ: ಎಂಜಿನ್ನಿನ ಫ್ಲೈವೀಲ್ ಚಕ್ರದ ವ್ಯಾಸದ ಐದನೇ ಒಂದು ಭಾಗ ಅಂಚಿನ ಮೇಲೆ ಹಿಡಿದರೆ ಅದೇ 23 ಡಿಗ್ರಿ. 50 ಸೆಂ.ಮೀ. ಚಕ್ರಕ್ಕೆ 10 ಸೆಂ.ಮೀ. ಪಿಸ್ಟನ್ ಪೂರಾ ಮೇಲಿರುವುದನ್ನು ತೋರುವ ಟಿಸಿ ಗುರುತಿನಿಂದ ಚಕ್ರ ಓಡುವ ದಿಕ್ಕಿಗೆ ಅಷ್ಟು ಮುಂದೆ ಸೀಮೆಸುಣ್ಣದ ಗೆರೆ ಎಳೆಯಿರಿ, ಟಿಸಿಗಿಂತ ಗೆರೆ ಮೊದಲು ಬರಬೇಕು. ಹೈಪ್ರೆಶರ್ ಪೈಪ್ ಕಳಚಿ, ಥ್ರಾಟಲ್ ಪೂರಾ ತೆಗೆದು, ಪಂಪಿನ ಬಾಯಿಯ ತನಕ ಡೀಸೆಲ್ ತುಂಬಿಸಿ, ಕಂಪ್ರೆಶನ್ ಸುತ್ತಿನಲ್ಲಿ ಚಕ್ರವನ್ನು ಓಡುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿ. ಬಾಯಲ್ಲಿನ ಡೀಸೆಲ್ ಮಿಸುಕಿದ ಕ್ಷಣ ನಿಲ್ಲಿಸಿ. ಆಗ ಗೆರೆ ಚಕ್ರದ ಪಕ್ಕ ಎಂಜಿನ್ನಿಗೆ ಕೂರಿಸಿದ ಮುಳ್ಳಿಗೆ ಸರಿಯಾಗಿ ಬರಬೇಕು. ಗೆರೆ ಬರುವ ಮೊದಲೇ ಮಿಸುಕಿದರೆ ಶಿಮ್ ಸೇರಿಸಿ, ಗೆರೆ ದಾಟಿದ ಮೇಲಾದರೆ ಒಂದು ತೆಗೆಯಿರಿ. ಟೈಮಿಂಗ್ ಮುಂದಾದರೆ ಹ್ಯಾಂಡಲ್ ಒದೆಯುತ್ತದೆ, ಹೆಬ್ಬೆರಳು ಹ್ಯಾಂಡಲಿನ ಇನ್ನೊಂದು ಮಗ್ಗುಲಿಗೆ ಸುತ್ತಬೇಡಿ. ತಡವಾದರೆ ಬಿಳಿ ಹೊಗೆ, ಸೈಲೆನ್ಸರ್ ಕಾದು ಕೆಂಪಗಾಗುತ್ತದೆ.

ತಂಪಿನ ವಿಚಾರದಲ್ಲಿ ಜನ ಉಲ್ಟಾ ತಪ್ಪು ಮಾಡುತ್ತಾರೆ. ಪಂಪಿನ ಡೆಲಿವರಿಯಿಂದ ಕೆರೆಯ ಚಳಿ ನೀರನ್ನು ಪೂರಾ ಎವಿ1ಗೆ ಬಿಟ್ಟರೆ ಲೈನರ್ ತಣ್ಣಗೇ ಉಳಿದು ಅದರೊಳಗೆ ತೇವ ಕೂತು ತುಕ್ಕು ತಿನ್ನುತ್ತದೆ. ಹೊರಬರುವ ನೀರಿನಲ್ಲಿ ಕೈ ಹೆಚ್ಚು ಹೊತ್ತು ಇಡಲಾಗದಷ್ಟು ಬಿಸಿ ಬರುವಂತೆ ವಾಲ್ವ್ ಕಿರಿದು ಮಾಡಿ. ಲಿಸ್ಟರ್‌ಗೆ 200 ಲೀಟರ್ ಡ್ರಮ್ ಸಾಕು, ಬಿಸಿ ನೀರು ತಾನಾಗಿ ಡ್ರಮ್ಮಿಗೆ ಏರುವ ಮೇಲಿನ ಪೈಪ್ ಎಲ್ಲೂ ತಗ್ಗದೆ ಏರುತ್ತಾ ಹೋಗಿ ನೀರಿನ ಮಟ್ಟದ ಕೆಳಗೇ ಸೇರಬೇಕು. ನೀರು ಆ ಬಾಯಿಗಿಂತ ಇಳಿದರೆ ಸುತ್ತುವುದು ನಿಲ್ಲುತ್ತದೆ.

ನನ್ನ ಲೆಕ್ಕದಲ್ಲಿ ಪಲ್ಪರ್ ಮನೆಗೆ ಲಿಸ್ಟರ್, ಕೆರೆಗೆ ಎವಿ1. ಅಗ್ಗಕ್ಕೆ ಸಿಗುವ ಲಿಸ್ಟರ್ ನಕಲು ತಂದರೆ ಓಡಿಸುವ ಮೊದಲು ಕ್ರ್ಯಾಂಕ್‌ಕೇಸ್ ತೆರೆದು ಮೂಲೆಗಳನ್ನು ಬೆರಳಿನಿಂದ ತಡವಿ. ಎರಕದ ಮರಳು ಸಿಕ್ಕರೆ ಪೂರಾ ತೊಳೆಯಬೇಕು. ಎಣ್ಣೆ ಎರಚಿಕೊಂಡೇ ಬೇರಿಂಗ್ ನೆನೆಯುವ ಎಂಜಿನ್ ಅದು, ಮರಳೂ ಜೊತೆಗೇ ಎರಚುತ್ತದೆ.

ಜೂನ್‌ಗೆ ಮೊದಲು ಎರಡಕ್ಕೂ ಒಂದೇ ಕ್ರಮ: ಡೀಸೆಲ್ ಟ್ಯಾಂಕ್ ಬಾಯಿ ತನಕ ತುಂಬಿಸಿ, ಇಲ್ಲದಿದ್ದರೆ ಮಳೆಗಾಲದ ತೇವ ಒಳಗೆ ಬೆವರಿ ನೀರಿನಿಂದ ಫ್ಯೂಯೆಲ್ ಪಂಪಿನ ಒಳಗಿನ ಪ್ಲಂಜರ್ ಹಿಡಿದುಕೊಳ್ಳುತ್ತದೆ. ನಾಜಲ್ ತೂತಿನಿಂದ 30 ಮಿ.ಲೀ. ಎಂಜಿನ್ ಆಯಿಲ್ ಹಾಕಿ ಹತ್ತು ಸುತ್ತು ತಿರುಗಿಸಿ, ಎರಡೂ ವಾಲ್ವ್ ಮುಚ್ಚಿರುವಲ್ಲಿ ನಿಲ್ಲಿಸಿ. ಸೈಲೆನ್ಸರ್ ಬಾಯಿಗೆ ಒಂದು ತಗಡಿನ ಡಬ್ಬ ಕವುಚಿ. ಕಣಜ ಮಣ್ಣಿನ ಗೂಡು ಕಟ್ಟಿದರೆ ಫೆಬ್ರವರಿಯಲ್ಲಿ ಎಂಜಿನ್ ಯಾಕೆ ಹಿಡಿಯುತ್ತಿಲ್ಲ ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.